ಜನರಲ್ ಸಾಹೇಬರ ಹೆಕ್ಕತ್ತು

ಜನರಲ್ ಸಾಹೇಬರ ಎದೆ ಎಲ್ಲರಿಗೂ ಗೊತ್ತು, ಎದೆಯ ಮೇಲಿನ ಪದಕಗಳು ಗೊತ್ತು, ಬೆತ್ತ ಹಿಡಿದ ಕೈ ಗೊತ್ತು. ಅವರ ಹೆಕ್ಕತ್ತನ್ನು, ಕತ್ತಿನ ಹಿಂಭಾಗವನ್ನು, ಕಣ್ಣಿಟ್ಟು ನೋಡಿದವಳು ಮಾತ್ರ ನಾನೊಬ್ಬಳೇ ಇರಬೇಕು. ಅದೂ ಇಷ್ಟಪಟ್ಟು ನೋಡಿದ್ದಲ್ಲ, ಹೊಟ್ಟೆಪಾಡು.

ನಾನು ಸಿನಿಮಾದವರಿಗೆ ವಿಗ್ಗು, ಗಡ್ಡ, ಮೀಸೆ ಮಾಡಿಕೊಡುವವಳು. ಸೆಟ್ಟಿನಲ್ಲಿ ನನ್ನನ್ನು ಮೀಸೆಯಮ್ಮ ಎಂದೇ ಕರೆಯುತ್ತಾರೆ. ಮೊದಮೊದಲು ಉರಿದುಬೀಳುತ್ತಿದ್ದೆ, ಈಗ ಯಾರಾದರೂ ಮೇಡಂ ಎಂದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ತಿರುಗಿಯೂ ನೋಡುವುದಿಲ್ಲ. ಕೂದಲನ್ನು ಒಂದೊಂದೇ ಎಳೆಯಾಗಿ ಬಲೆಗೆ ಗಂಟು ಹಾಕಬೇಕು. ಒಂದು ತಲೆಗೆ ಮೂರು ವಾರ ಹಿಡಿಯುತ್ತದೆ. ನಾಯಕನ ತಲೆಯೊಳಗೆ ಏನಿದೆಯೋ ದೇವರೇ ಬಲ್ಲ, ಹೊರಗಿರುವುದೆಲ್ಲ ನನ್ನದು.

ಈ ಸಲ ಬಂದ ಕೆಲಸ ಜನರಲ್ ಸಾಹೇಬರ ಜೀವನದ ಸಿನಿಮಾ. ಐವತ್ತು ವರ್ಷದ ಹಿಂದಿನ ಯುದ್ಧದಲ್ಲಿ ಅವರು ಹೊಳೆಯ ತಿರುವಿನ ಕೋಟೆಯನ್ನು ನಲವತ್ತು ದಿನ ಬಿಟ್ಟುಕೊಡದೆ ಹಿಡಿದು ನಿಂತರು. ಅವರಿಲ್ಲದಿದ್ದರೆ ದೇಶವೇ ಹೋಗುತ್ತಿತ್ತು ಎನ್ನುವವರು ಅರ್ಧ ಜನ. ಹಟಕ್ಕೆ ಬಿದ್ದು ಸಿಪಾಯಿಗಳನ್ನೆಲ್ಲ ಸಾಯಲು ಬಿಟ್ಟು ತಾನು ನಲವತ್ತನೇ ದಿನ ದೋಣಿ ಹತ್ತಿ ಪಾರಾದ ಎನ್ನುವವರು ಇನ್ನರ್ಧ. ಎರಡೂ ಕಡೆಯವರನ್ನು ಒಂದೇ ಬೆಂಚಿನಲ್ಲಿ ಕೂರಿಸಿದರೆ ಟೀ ಆರುವುದರೊಳಗೆ ಕೈಕೈ ಮಿಲಾಯಿಸುತ್ತಾರೆ.

ನಮ್ಮ ಮನೆಯವರು ಈ ಎರಡೂ ಕಡೆ ಸೇರಿದವರಲ್ಲ. ನಮ್ಮಲ್ಲಿ ಜನರಲ್ಲರ ಮಾತೇ ಎತ್ತುವಂತಿರಲಿಲ್ಲ. ನನ್ನ ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಅವರ ಪಡೆಯಲ್ಲಿ ಕ್ಷೌರದ ಕೆಲಸಕ್ಕಿದ್ದವನು. ಯುದ್ಧ ಮುಗಿದ ಮೇಲೆ ಒಂದು ಕಾಗದ ಬಂತು: ಹನ್ನೊಂದನೇ ದಿನ ಓಡಿಹೋಗಿದ್ದಾನೆ. ಆಗ ನನಗೆ ಎಂಟು ವರ್ಷ, ಚಿಕ್ಕಮ್ಮನಿಗೆ ಇಪ್ಪತ್ತೆರಡು. ಕಾಗದ ಓದಿಸಿಕೊಂಡವಳು ಅಳಲಿಲ್ಲ. ಅಲ್ಲಿಯವರೆಗೆ ‘ಅವರು’ ಎನ್ನುತ್ತಿದ್ದವಳು ಅಂದಿನಿಂದ ‘ಅವನು’ ಎನ್ನತೊಡಗಿದಳು.

ಈಗ ಅಪ್ಪ ಅಮ್ಮ ಇಲ್ಲ. ಮನೆಯಲ್ಲಿ ನಾನು, ಚಿಕ್ಕಮ್ಮ ಇಬ್ಬರೇ. ಅವಳು ಮೊಳೆಸಾಲಿನ ಮುಳ್ಳುಹಲಗೆಯ ಮೇಲೆ ಕೂದಲು ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕೊಡುತ್ತಾಳೆ. ನಾನು ಗಂಟು ಹಾಕುತ್ತೇನೆ. ಕೈ ಆಡುವಷ್ಟು ಹೊತ್ತೂ ಅವಳ ಬಾಯಿ ಚಿಕ್ಕಪ್ಪನಿಗೆ ಅರ್ಚನೆ ಮಾಡುತ್ತಿರುತ್ತದೆ. ‘ಹೇಡಿ. ಎಲ್ಲೋ ಇನ್ನೊಂದು ಸಂಸಾರ ಹೂಡ್ಕೊಂಡಿರ್ತಾನೆ. ಅಲ್ಲೂ ಬೆಳಿಗ್ಗೆ ಎದ್ದು ಹಾಸಿಗೆ ಮಡಚದೆ ಹೋಗ್ತಿರ್ತಾನೆ. ಬರ್ಲಿ ಒಂದಿನ, ಬಾಗಿಲಲ್ಲೇ ನಿಲ್ಲಿಸಿ ಕೇಳ್ತೀನಿ.’ ಹೀಗೆ ಬೈಯುವವಳು ಪ್ರತಿ ತಿಂಗಳ ಮೊದಲ ದಿನ ತಪ್ಪದೆ ಅವನ ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದಳು. ಚಿಕ್ಕಪ್ಪ ಎಡಚ. ಎಡಗೈಗೆಂದೇ ಎರಡು ಕತ್ತರಿ ಮಾಡಿಸಿ ಒಂದನ್ನು ಮನೆಯಲ್ಲಿ ಬಿಟ್ಟುಹೋಗಿದ್ದ, ಅದು ನಮ್ಮ ಯಾರ ಕೈಗೂ ಒಗ್ಗದು. ಯಾಕೆ ಇಟ್ಟುಕೊಂಡಿದ್ದೀಯ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ‘ಬಂದ್ರೆ ಕೆಲ್ಸಕ್ಕೆ ಬೇಡ್ವಾ? ಕೂತು ತಿನ್ನೋಕೆ ಬಿಡ್ತೀನಾ ನಾನು?’

ಈ ಕೆಲಸ ಬೇಡವೆನ್ನಬೇಕೆಂದಿದ್ದೆ. ಒಪ್ಪಿಸಿದವಳು ಅವಳೇ. ‘ಮಾಡು ಗುಬ್ಬಿ. ಆ ಜನರಲ್ಲನ ತಲೆ ನಮ್ಮ ಕೈಗೇ ಬಂದಿದೆ, ಬಿಡೋದ್ಯಾಕೆ?’ ಎಂದಳು. ಐವತ್ತೆಂಟು ದಾಟಿದ ನಾನು ಅವಳಿಗೆ ಇನ್ನೂ ಗುಬ್ಬಿಯೇ.

ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ ಮೊದಲ ದಿನವೇ ಜಗಳ. ಉರಿಯುವ ಸೇತುವೆಯ ದೃಶ್ಯದಲ್ಲಿ ಜನರಲ್ಲರ ಕೂದಲು ಹೆಗಲು ಮುಟ್ಟಬೇಕೆಂದು ನಿರ್ದೇಶಕನ ಹಟ.

‘ಮೂವತ್ತೊಂಬತ್ತು ದಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿರೋ ಮನುಷ್ಯ. ಕಟಿಂಗ್ ಮಾಡಿಸ್ಕೊಂಡು ಕೂತಿರ್ತಾನಾ?’ ಎಂದ.

ಎದುರು ಕೂತಿದ್ದವರು ಇತಿಹಾಸದ ಮೇಷ್ಟ್ರು. ಸಿನಿಮಾದಲ್ಲಿ ತಪ್ಪು ನುಸುಳದಂತೆ ನೋಡಿಕೊಳ್ಳಲು ನೇಮಿಸಿದ ನಿವೃತ್ತ ಅಧ್ಯಾಪಕರು. ಬಾಯಿ ಬಿಟ್ಟರೆ ತಾರೀಖು. ಅವರು ಒಂದು ಉದ್ದನೆಯ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದರು.

‘ಊಹೆ ಯಾಕೆ ಸ್ವಾಮಿ? ಆ ಮೂವತ್ತೊಂಬತ್ತನೇ ದಿನದ ಫೋಟೋನೇ ಇದೆಯಲ್ಲ. ಮೂಲ ನೆಗೆಟಿವ್‌ನಿಂದ ದೊಡ್ಡದು ಮಾಡಿಸಿದ್ದೀನಿ.’

ಆ ಫೋಟೋ ಎಲ್ಲರೂ ಕಂಡದ್ದೇ. ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು, ನಮಗೆ ಬೆನ್ನು ಹಾಕಿ, ಉರಿಯುವ ಸೇತುವೆಯನ್ನು ನೋಡುತ್ತ ಜನರಲ್ ನಿಂತಿದ್ದಾರೆ. ಶಾಲೆಯ ಪುಸ್ತಕದಲ್ಲಿ ಅಂಚೆಚೀಟಿಯಷ್ಟು ಇರುತ್ತಿತ್ತು. ತಲೆಯೆಂದರೆ ಒಂದು ಕಪ್ಪು ಚುಕ್ಕೆ. ಚಿಕ್ಕಮ್ಮ ಆ ಹಾಳೆಯನ್ನೂ ಹರಿದು ಒಲೆಗೆ ಹಾಕಿದ್ದಳು. ಈಗ ಅದೇ ಚಿತ್ರ ಬಾಗಿಲಿನಷ್ಟು ದೊಡ್ಡದಾಗಿ ಮುಂದೆ ಬಿದ್ದಿತ್ತು. ಅವರಿಬ್ಬರೂ ಬೆಂಕಿ ನೋಡಿದರು. ನಾನು ಕೂದಲು ನೋಡಿದೆ, ನನ್ನ ಕಸುಬೇ ಅದು.

ಕೂದಲು ಕತ್ತರಿಸಿಯಾಗಿತ್ತು. ಕತ್ತರಿಸಿ ಎರಡು ದಿನವೂ ಆಗಿರಲಿಲ್ಲ. ಹೇಗೆ ಗೊತ್ತು ಅಂತೀರಾ? ಬಿಸಿಲಲ್ಲಿ ಓಡಾಡುವವರ ಕತ್ತು ಕಪ್ಪಾಗಿರುತ್ತದೆ, ಕೂದಲು ಮುಚ್ಚಿದ್ದ ಕಡೆ ಚರ್ಮ ಬೆಳ್ಳಗೇ ಉಳಿದಿರುತ್ತದೆ. ಕತ್ತರಿಸಿದ ಕೂಡಲೇ ಅದು ಪಟ್ಟೆಯಾಗಿ ಕಾಣುತ್ತದೆ. ಹದಿನೈದು ದಿನಕ್ಕೊಮ್ಮೆ ಕತ್ತರಿಸಿಕೊಳ್ಳುವವರಿಗೆ ಪಟ್ಟೆ ನೂಲಿನಷ್ಟು. ತಿಂಗಳು ಮೀರಿ ಬೆಳೆಸಿದವರಿಗೆ ಬೆರಳಗಲ. ಜನರಲ್ಲರದು ಬೆರಳಗಲ ಇತ್ತು. ತಿಂಗಳಿಗೂ ಹೆಚ್ಚು ಬೆಳೆಸಿ, ಫೋಟೋ ತೆಗೆಯುತ್ತಾರೆಂದು ಗೊತ್ತಾದ ಮೇಲೆ ಪುಣ್ಯಾತ್ಮ ತಲೆ ಕೊಟ್ಟು ಕೂತಿರಬೇಕು.

ಇಷ್ಟು ಹೇಳಿದ್ದಕ್ಕೆ ನಿರ್ದೇಶಕ ಮುಖ ಸಿಂಡರಿಸಿಕೊಂಡು ಎದ್ದುಹೋದ. ಮೇಷ್ಟ್ರ ಕಣ್ಣು ಮಾತ್ರ ಅರಳಿತು.

‘ಪಟ್ಟೆ ನೋಡಿ ದಿನ ಹೇಳ್ತೀರಾ? ಮತ್ತೇನು ಕಾಣುತ್ತೆ ಮೀಸೆಯಮ್ಮ?’

ಭೂತಕನ್ನಡಿ ಇಟ್ಟೆ. ಹೆಕ್ಕತ್ತಿನ ನಡುವೆ ಒಂದು ಸುಳಿ ಇತ್ತು. ಅಂಥ ಕಡೆ ನೆಟ್ಟಗೆ ಗೆರೆ ಎಳೆದು ಕತ್ತರಿಸಿದರೆ ಕೂದಲು ಎದ್ದು ನಿಲ್ಲುತ್ತದೆ. ಈ ಕೆಲಸಗಾರ ಅಲ್ಲಿ ಹೆಬ್ಬೆರಳುಗುರಿನಷ್ಟು ಕೂದಲನ್ನು ನಾಲಿಗೆಯ ಹಾಗೆ ಇಳಿಬಿಟ್ಟು, ಅದರ ತುದಿಯನ್ನು ಓರೆಯಾಗಿ ಸವರಿದ್ದ, ಆ ಓರೆ ಎಡಗೈ ಕತ್ತರಿಯದು.

ನಮ್ಮ ಅಪ್ಪನ ಹೆಕ್ಕತ್ತಿನಲ್ಲಿ ಅದೇ ಸುಳಿ ಇತ್ತು, ಚಿಕ್ಕಪ್ಪ ಕತ್ತರಿಸಿದಾಗಲೆಲ್ಲ ಅದೇ ನಾಲಿಗೆ ಇರುತ್ತಿತ್ತು. ‘ಇದೇನೋ ಬಾಲ ಬಿಟ್ಟಿದ್ದೀಯ, ನಮ್ಮ ಕ್ಷೌರದಂಗಡಿ ಮಾನ ಕಳೀತೀಯ’ ಎಂದು ಅಪ್ಪ ಬೈಯುತ್ತಿದ್ದ. ‘ಕೂದಲು ಎದ್ದು ನಿಂತ್ರೆ ಆಗ ಹೇಳಣ್ಣ’ ಎಂದು ಚಿಕ್ಕಪ್ಪ ನಗುತ್ತಿದ್ದ. ಆ ಬಾಲವನ್ನು ನಾನು ಬೇರೆ ಯಾರ ಕೆಲಸದಲ್ಲೂ ಇವತ್ತಿನವರೆಗೆ ಕಂಡಿಲ್ಲ.

‘ಮೇಷ್ಟ್ರೇ, ಆ ಕೋಟೆಯಲ್ಲಿ ಕಟಿಂಗ್ ಮಾಡೋರು ಎಷ್ಟು ಜನ ಇದ್ರು?’

ಅವರು ಕಡತ ತಿರುವಿದರು. ‘ಒಬ್ಬನೇ. ಅವನೂ ಹನ್ನೊಂದನೇ ದಿನ ಓಡಿಹೋದ. ಇಲ್ಲಿದೆ ನೋಡಿ, ಜನರಲ್ಲರೇ ಸಹಿ ಮಾಡಿರೋ ಪಟ್ಟಿ. ಓಡಿಹೋದವರು ಅರವತ್ತಮೂರು ಜನ. ನಲವತ್ತೊಂದನೆಯವನು ಕ್ಷೌರಿಕ.’ ಹೇಳುತ್ತ ಹೇಳುತ್ತ ಅವರ ದನಿ ನಿಧಾನವಾಯಿತು. ‘ಮತ್ತೆ… ಇದನ್ನ ಕತ್ತರಿಸಿದ್ದು ಯಾರು?’

‘ಆ ನಲವತ್ತೊಂದನೆಯವನೇ,’ ಎಂದೆ. ‘ನನ್ನ ಚಿಕ್ಕಪ್ಪ.’

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ‘ಇಪ್ಪತ್ತು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೀನಿ ತಾಯೀ! ಮೂರು ಕಡೆ ತುಂಬಿದ ಹೊಳೆ, ಸೇತುವೆಯಾಚೆಗೂ ನಾಲ್ಕನೇ ಕಡೆಗೂ ಶತ್ರು. ಅರವತ್ತಮೂರು ಜನ ಓಡಿದ್ದಾದ್ರೂ ಎಲ್ಲಿಗೆ? ಐವತ್ತು ವರ್ಷದಲ್ಲಿ ಒಬ್ಬನಾದ್ರೂ ಎಲ್ಲಾದ್ರೂ ಸಿಗ್ಬೇಕಲ್ಲ? ಯಾರೂ ಓಡಿಲ್ಲ. ನಲವತ್ತನೇ ದಿನ ದೋಣಿ ಸಾಲದೆ ಹೊಳೆ ಪಾಲಾದವರು ಇವರು. ಸತ್ತವರ ಲೆಕ್ಕ ಕಮ್ಮಿ ಕಾಣ್ಲಿ ಅಂತ ಓಡಿಹೋದ್ರು ಅಂತ ಬರೆದುಬಿಟ್ಟಿದ್ದಾನೆ ಮಹಾರಾಯ!’

ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೂತರು. ‘ತಪ್ಪು ತಿಳ್ಕೋಬೇಡಿ. ಇದನ್ನ ನನ್ನ ಪುಸ್ತಕದಲ್ಲಿ ಬರೆದ್ರೆ ನಿಮ್ಮ ಚಿಕ್ಕಪ್ಪನ ಹೆಸರಿಗೆ ಅಂಟಿದ ಮಸಿ ಹೋಗುತ್ತೆ.’

‘ಮಸಿ ಹೋಗುತ್ತೆ, ಸರಿ. ಮನುಷ್ಯನೂ ಹೋಗ್ತಾನಲ್ಲ ಮೇಷ್ಟ್ರೇ. ಓಡಿಹೋದವನು ಎಲ್ಲೋ ಬದುಕಿರ್ತಾನೆ. ನಮ್ಮ ಚಿಕ್ಕಮ್ಮ ಐವತ್ತು ವರ್ಷ ಬೈತಾ ಇರೋದು ಬದುಕಿರೋವನನ್ನ.’

ಅವರು ಕನ್ನಡಕ ತೆಗೆದು ಒರೆಸಿದರು. ‘ನಿಮ್ಮ ಮನೇಲಿ ಏನಂತಾರೋ ಹಾಗೆ. ಬೇಡ ಅಂದ್ರೆ ನಾನು ಬಾಯಿ ಬಿಡಲ್ಲ,’ ಎಂದರು.

ಅಳತೆಗೆ ಬೇಕಿದ್ದರಿಂದ ಸುರುಳಿಯನ್ನು ಮನೆಗೆ ತಂದು ಬೀರುವಿನ ಹಿಂದೆ ಸೇರಿಸಿದೆ. ಎರಡು ದಿನ ಬಾಯಿಗೆ ಬೀಗ. ಚಿಕ್ಕಮ್ಮ ಎಂದಿನಂತೆ ಅರ್ಚನೆ ಮಾಡುತ್ತಿದ್ದಳು. ಹೇಳಿದರೆ ಅವಳ ಗಂಡನನ್ನು ನಾನೇ ಕೊಂದಂತೆ. ಹೇಳದಿದ್ದರೆ ಪಾಪ, ಅವನು ಇನ್ನೂ ಹೇಡಿಯಾಗಿಯೇ ಇರಬೇಕು. ನಾನು ನನ್ನ ಮಟ್ಟಿಗೆ ತೀರ್ಮಾನ ಮಾಡಿಬಿಟ್ಟೆ: ಹೇಳುವುದಿಲ್ಲ. ಸತ್ತವನಿಗೆ ಮಾನ ಕಟ್ಟಿಕೊಂಡು ಏನಾಗಬೇಕು, ಇರುವವಳು ಇರಲಿ.

ಮೂರನೇ ದಿನ ಮಧ್ಯಾಹ್ನ ಹಿತ್ತಲಲ್ಲಿ ಕೂದಲು ತೊಳೆದು ಒಣಹಾಕಿ ಒಳಗೆ ಬಂದರೆ, ಚಿಕ್ಕಮ್ಮ ನೆಲದ ಮೇಲೆ ಸುರುಳಿ ಬಿಚ್ಚಿ ಕೂತಿದ್ದಾಳೆ. ನಾಲ್ಕು ಮೂಲೆಗೂ ಒಂದೊಂದು ಬಾಚಣಿಗೆ ಹೇರಿದ್ದಾಳೆ.

‘ಹಿಂದಿನ ಕೂದಲು ಎಷ್ಟುದ್ದ ವಿಂಗಡಿಸ್ಬೇಕು ಅಂತ ನೀನು ಹೇಳ್ಲೇ ಇಲ್ಲ,’ ಎಂದಳು. ‘ಅದಕ್ಕೆ ನಾನೇ ಹುಡುಕಿದೆ.’

ಅವಳ ಹೆಬ್ಬೆರಳು ಆ ನಾಲಿಗೆಯ ಮೇಲಿತ್ತು. ಯಾರ ಕೆಲಸವೆಂದು ಅವಳಿಗೆ ಗೊತ್ತಾಗಿತ್ತು, ಯಾವ ದಿನದ್ದೆಂದು ಗೊತ್ತಿರಲಿಲ್ಲ.

‘ಇದು ಯಾವತ್ತು ತೆಗೆದದ್ದು?’

‘ಐದನೇ ದಿನ,’ ಎಂದೆ. ‘ಐದೋ ಆರೋ. ಚಿಕ್ಕಪ್ಪ ಹೋಗೋಕೆ ಮುಂಚೆ.’

ಚಿಕ್ಕಮ್ಮ ತಲೆಯಾಡಿಸಿದಳು. ಅವಳು ಮತ್ತೆ ಬಗ್ಗಿದಳು. ಕಿರುಬೆರಳನ್ನು ಅಡ್ಡ ಇಟ್ಟು, ಕತ್ತಿನ ಮೇಲಿನ ಬಿಳಿ ಪಟ್ಟೆಯನ್ನು ಅಳೆದಳು. ಇನ್ನೊಮ್ಮೆ ಅಳೆದಳು.

‘ಗುಬ್ಬಿ, ನಾನು ಕ್ಷೌರದವನ ಹೆಂಡ್ತಿ ಕಣೇ,’ ಎಂದಳು. ‘ಕೋಟೆಗೆ ಹೊರಡೋ ದಿನ ಪಡೆಗೆಲ್ಲ ಕಟಿಂಗ್ ಮಾಡಿ ಕೈ ಊದಿಸ್ಕೊಂಡಿದ್ರು, ಜನರಲ್ಲನಿಗೂ ಸೇರಿಸಿ. ಬಿಸಿನೀರಲ್ಲಿ ನಾನೇ ಶಾಖ ಕೊಟ್ಟಿದ್ದೆ. ಐದೇ ದಿನಕ್ಕೆ ಇಷ್ಟಗಲ ಪಟ್ಟೆ ಬರುತ್ತಾ? ತಿಂಗಳ ಮೇಲೆ ಬೆಳೆದಿರೋ ಕೂದಲು ಇದು.’

ಅವಳು ನನ್ನ ಕಡೆ ತಿರುಗಿದಳು.

‘ಯಾವತ್ತು?’

‘ಮೂವತ್ತೊಂಬತ್ತನೇ ದಿನ, ಚಿಕ್ಕಮ್ಮ.’

ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ: ಪಟ್ಟಿ, ದೋಣಿ, ಹೊಳೆ. ಅವಳು ಜನರಲ್ಲರನ್ನು ಶಪಿಸುತ್ತಾಳೆ ಅಂದುಕೊಂಡೆ. ‘ತಲೆ ಬಗ್ಗಿಸಿ ಇವರ ಕೈಗೆ ಕತ್ತು ಕೊಟ್ಟಿದ್ದಾನೆ. ಇವರು ಅಲ್ಲೇ ಇದ್ರು ಅಂತ ಅವನಿಗೆ ಗೊತ್ತಿತ್ತು,’ ಎಂದಷ್ಟೇ ಹೇಳಿ ಅವನ ವಿಷಯ ಅಲ್ಲಿಗೆ ಬಿಟ್ಟಳು. ಆಮೇಲೆ ಆ ನಾಲಿಗೆಯಷ್ಟು ಕೂದಲನ್ನೇ ನೋಡುತ್ತ, ಒಮ್ಮೆಲೇ ದನಿ ಎತ್ತಿ ಬೈಯಲು ಶುರು ಮಾಡಿದಳು.

‘ಊರೆಲ್ಲ ಹೇಡಿ ಅಂದ್ರು. ನಾನೂ ಅಂದೆ. ಓಡಿಹೋಗೋಕೂ ಬರ್ಲಿಲ್ವಾ ನಿಮಗೆ? ಕತ್ತರಿ ಬಿಸಾಕಿ ಓಡ್ಬಾರ್ದಿತ್ತಾ? ಅವನ ಕೂದಲು ನೆಟ್ಟಗಿದ್ರೆಷ್ಟು, ನಿಂತ್ರೆಷ್ಟು? ಬಾಲ ಬಿಡ್ತಾ ಕೂತಿದ್ರಾ ಅಲ್ಲಿ!’

ಬೈದು ಬೈದು ಸುಸ್ತಾಗಿ ಅತ್ತಳು. ಐವತ್ತು ವರ್ಷದಲ್ಲಿ ಅವಳು ಅತ್ತದ್ದು ನಾನು ಕಂಡದ್ದು ಅದೇ ಮೊದಲು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಸಂಜೆ ಅವಳೇ ಎದ್ದು ಮುಖ ತೊಳೆದು ಮುಳ್ಳುಹಲಗೆಯ ಮುಂದೆ ಕೂತಳು. ‘ಮೇಷ್ಟ್ರಿಗೆ ಬರ್ಕೊಳ್ಳೋಕೆ ಹೇಳು,’ ಎಂದಳು.

ಮೇಷ್ಟ್ರು ಬರೆದುಕೊಂಡರು, ಬರೆದುಕೊಂಡು ಸುಮ್ಮನಿರದೆ ನಿರ್ದೇಶಕನ ಬೆನ್ನು ಹತ್ತಿದರು. ಹೆಗಲ ಮೇಲಿನ ಕೂದಲಿಗೆ ಹಟ ಹಿಡಿದಿದ್ದ ಅವನೇ ಈಗ ಕುಣಿದಾಡಿದ. ಸೇತುವೆಗೆ ಬೆಂಕಿ ಹತ್ತುವ ಮುಂಚೆ ಒಂದು ಹೊಸ ದೃಶ್ಯ: ಜನರಲ್ ಮುರುಕು ಪೆಟ್ಟಿಗೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದಾರೆ, ಹಿಂದೆ ಕ್ಷೌರಿಕ ನಿಂತಿದ್ದಾನೆ. ಕೊನೆಯಲ್ಲಿ ಅವನು ಹೊಳೆಗಿಳಿಯುವುದೂ, ಜನರಲ್ ಪಟ್ಟಿಗೆ ಸಹಿ ಹಾಕುವುದೂ ಪರದೆಯ ಮೇಲೆ ಬರುತ್ತದೆ. ಮನೆಯವರು ಏನಾದರೂ ಹೇಳುವುದಿದ್ದರೆ ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದ.

ಚಿಕ್ಕಮ್ಮ ಎಲ್ಲವನ್ನೂ ಕೇಳಿದಳು. ಒಳಗೆ ಹೋಗಿ ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಕತ್ತರಿ ತಂದು ನನ್ನ ಕೈಗಿಟ್ಟಳು.

‘ಇದನ್ನೇ ಕೊಡು ಆ ಪಾತ್ರದವನಿಗೆ. ಎಡಚನನ್ನೇ ಹುಡುಕಿ ಹಾಕ್ಲಿ. ಬಲಗೈಯವನ ಮಾತು ಇದು ಕೇಳಲ್ಲ.’

‘ಹೇಳ್ತೀನಿ.’

‘ಇನ್ನೊಂದು.’ ಅವಳು ಎಣ್ಣೆಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ‘ಪುಸ್ತಕದಲ್ಲಿ ಮೇಷ್ಟ್ರು ಇದ್ದದ್ದು ಇದ್ದ ಹಾಗೇ ಬರೀಲಿ, ಸತ್ತರು ಅಂತಲೇ ಬರೀಲಿ. ಸಿನಿಮಾ ಕಟ್ಟುಕತೆ ತಾನೇ? ಕಟಿಂಗ್ ಮುಗಿದ ಮೇಲೆ, ಬೆಂಕಿ ಹತ್ತೋಕೆ ಮುಂಚೆ, ಅದರಲ್ಲಾದ್ರೂ ಇವರನ್ನ ಓಡಿಸಿಬಿಡೋಕೆ ಹೇಳೇ, ಗುಬ್ಬಿ.’