ಹಗ್ಗ ಹಿಡಿಯುವವನು

ಪ್ರವೀಣ್ ಕುಮಾರನ ಬೂಮ್ ಲಿಫ್ಟಿಗೆ ಇಬ್ಬರು ಆಳುಗಳು. ಬುಟ್ಟಿಯಲ್ಲಿ ನಿಂತು ಮೇಲೇರಿ ಬೀದಿದೀಪ ರಿಪೇರಿ ಮಾಡುವವನು ಮುಬೀನ್, ಚನ್ನಗಿರಿಯವನು. ನೆಲದ ಮೇಲೆ ನಿಂತು, ಬುಟ್ಟಿಗೆ ಕಟ್ಟಿದ ಹಗ್ಗ ಹಿಡಿಯುವವನು ಆಂಜನೇಯ, ಜಗಳೂರು ಕಡೆಯವನು. ಯಂತ್ರ ಮಾಡಿದವರಿಗೆ ಈ ಎರಡನೆಯ ಆಳಿನ ಕಲ್ಪನೆ ಇರಲಿಲ್ಲ. ಬುಟ್ಟಿಯನ್ನು ಎಡಬಲಕ್ಕೆ ತಿರುಗಿಸಿ, ತಿರುಗಿಸಿದಲ್ಲೇ ನಿಲ್ಲಿಸಲು ಅವರು ರೋಟೇಟರ್ ಕೊಟ್ಟಿದ್ದರು. ಬುಟ್ಟಿಯ ಬುಡದಲ್ಲಿ, ಎಣ್ಣೆಯ ಒತ್ತಡದಿಂದ ನಡೆಯುವ ಕೊಡದ ಗಾತ್ರದ ಕಬ್ಬಿಣ. ಬೇಸಿಗೆಯಿಂದೀಚೆಗೆ ಅದರ ಶಕ್ತಿ ಕುಂದಿತ್ತು. ಗಾಳಿ ಬೀಸಿದರೆ ಬುಟ್ಟಿ ತನ್ನಷ್ಟಕ್ಕೆ ತಿರುಗಿ ಮುಬೀನನನ್ನು ಕರೆಂಟಿನ ತಂತಿಯ ಕಡೆಗೆ ಒಯ್ಯುತ್ತಿತ್ತು. ಇದಕ್ಕೆ ಎತ್ತು ಕಟ್ಟುವ ಹಗ್ಗವೊಂದು, ಹಿಡಿಯಲು ಆಳೊಂದು ಸಾಕೆಂದು ಪ್ರವೀಣ್ ಕುಮಾರ್ ತೀರ್ಮಾನಿಸಿದ್ದ. ಆಂಜನೇಯನಿಗೆ ನೌಕರಿ ಸಿಕ್ಕಿದ್ದು ಹೀಗೆ. ರೋಟೇಟರ್ ಕೆಟ್ಟಿರುವಷ್ಟು ದಿನ ಅವನ ಮನೆಯ ಒಲೆ ಉರಿಯುವುದಿತ್ತು.

ನ್ಯಾಮತಿಯಲ್ಲಿ ಹೊಸ ಎಂಜಿನಿಯರ್ ಒಬ್ಬ ಹಗ್ಗವನ್ನೂ ಆಂಜನೇಯನನ್ನೂ ನೋಡಿ, "ಏನ್ರೀ ಇದು, ಗಾಳಿಪಟಾನಾ?" ಎಂದು ಲಿಫ್ಟನ್ನು ವಾಪಸು ಕಳಿಸಿದ. ಹಾಗಾಗಿ ಅದು ಹೊನ್ನಾಳಿಯ ಮೆಕ್ಯಾನಿಕ್ ಖಾಜಾಸಾಬರ ಶೆಡ್ಡಿಗೆ ಬಂತು. ಜೊತೆಗೆ ಮುಬೀನ್ ಬಂದ. ಆಂಜನೇಯನೂ ಬಂದ, ತನ್ನ ಅನ್ನಕ್ಕೆ ಕಲ್ಲು ಬೀಳುವುದನ್ನು ನೋಡಲು.

"ಪಂಪ್ ವೀಕ್ ಆಗೈತೆ ಸಾಬ್ರೇ. ಪ್ರೆಶರ್ ಏರ್ಸಿ ಕೊಟ್ಬಿಡ್ರಿ," ಎಂದ ಪ್ರವೀಣ್ ಕುಮಾರ್.

ಖಾಜಾಸಾಬರು ಗೇಜ್ ಹಾಕಿ ನೋಡಿದರು. ಮುಳ್ಳು ನಿಲ್ಲಬೇಕಾದಲ್ಲೇ ನಿಂತಿತು. "ಪ್ರೆಶರ್ ಸರಿ ಐತೆ. ಮಂಡಿನೋವಿಗೆ ಬಿಪಿ ಏರ್ಸಂತೀರಲ್ಲ!"

ಎಂಜಿನ್ ಆರಿಸಿ, ರೋಟೇಟರಿಗೆ ಹೋಗುವ ಎರಡೂ ಪೈಪು ಬಿಚ್ಚಿ, ತೂತುಗಳಿಗೆ ಬಿಗಿಯಾಗಿ ಬಿರಡೆ ಹಾಕಿದರು. ಆಮೇಲೆ ಬುಟ್ಟಿಗೆ ಹೆಗಲು ಕೊಟ್ಟು ತಳ್ಳಿದರು. ಬುಟ್ಟಿ ನಿಧಾನವಾಗಿ ತಿರುಗಿತು.

"ನೋಡ್ರಿ. ಎಣ್ಣೆ ಹೊರಗೆ ಹೋಗಾಕೆ ದಾರಿ ಇಲ್ಲ. ಆದ್ರೂ ತಿರುಗ್ತು. ಅಂದ್ರೆ ಒಳಗೊಳಗೇ ಈ ಕಡಿಂದ ಆ ಕಡಿಗೆ ನುಸುಳ್ತೈತೆ. ಸೀಲ್ ಹೋಗೈತೆ."

ಬಿಚ್ಚಿದಾಗ ಒಳಗಿನ ಕಪ್ಪು ರಬ್ಬರ್ ಸೀಲು ಇಲಿ ಕಡಿದ ಚಪ್ಪಲಿಪಟ್ಟಿಯಂತೆ ಕೈಗೆ ಬಂತು. ಹೊಸದು ಕೂಡಿಸಿ, ಎಣ್ಣೆ ತುಂಬಿ, ಅತ್ತಿಂದಿತ್ತ ಆಡಿಸಿ ಗಾಳಿ ತೆಗೆದರು. ಕೈ ಒರೆಸಿಕೊಳ್ಳುತ್ತ ಆಂಜನೇಯನನ್ನು ಕೇಳಿದರು: "ಹಗ್ಗ ಎಳಿಯುವಾಗ ಏನಾರ ಸದ್ದು ಬರ್ತಿತ್ತೇನೋ?"

ಬರುತ್ತಿತ್ತು. ಒಂದು ತಿಂಗಳಿಂದ ಎಳೆದಾಗಲೆಲ್ಲ ಬುಟ್ಟಿಯ ಬುಡದಿಂದ, ರೋಟೇಟರನ್ನು ಲಿಫ್ಟಿನ ಉದ್ದನೆಯ ಕಬ್ಬಿಣದ ತೋಳಿಗೆ ಬೆಸೆದ ಕಡೆಯಿಂದ, 'ಟಕ್' ಎನ್ನುತ್ತಿತ್ತು. ಹೇಳಿದ್ದರೆ ಲಿಫ್ಟು ಅಂದೇ ಶೆಡ್ಡಿಗೆ ಬರುತ್ತಿತ್ತು. ಈಗ ಹೇಳಿದರೆ, ಅಂದೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಗೋವಿನಕೋವಿಯ ಗೋಡೌನಿಗೆ ವಾಚ್‌ಮನ್ ಬೇಕು, ನಿನ್ನನ್ನು ಹಾಕಲು ಆಗುತ್ತಾ ನೋಡೋಣ ಎಂದು ಪ್ರವೀಣ್ ಕುಮಾರ್ ಬೆಳಿಗ್ಗೆ ತಾನೆ ಅಂದಿದ್ದ.

"ಇಲ್ಲ ಸಾಬ್ರೇ," ಎಂದ ಆಂಜನೇಯ.

"ಹಂಗಾರೆ ಹಗ್ಗ ಹಾಕು. ದಿನಾ ಎಳ್ದಂಗೆ ಎಳಿ. ನಿಲ್ತೈತಾ ನೋಡಾಣ."

ಅವನು ದಿನವೂ ಎಳೆದಂತೆ ಎಳೆಯಲಿಲ್ಲ. ಮದುವೆಮನೆಯ ಪರದೆ ಸರಿಸುವವನಂತೆ ಎಳೆದ. ಬುಟ್ಟಿ ಅಲುಗಲಿಲ್ಲ. ಸದ್ದೂ ಇಲ್ಲ. ಹೊಸ ಸೀಲಿನಿಂದ ಅದೂ ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ನಂಬಿಕೆ ಬರಲಿಲ್ಲ. ಮೊದಲು ಎಳೆದರೆ ಬುಟ್ಟಿ ತಿರುಗಿ ಕೊಡುತ್ತಿತ್ತು. ಈಗ ತಿರುಗದು. ಎಳೆತವೆಲ್ಲ ಆ ಬೆಸುಗೆಯ ಮೇಲೇ.

ಮುಬೀನ್ ಬುಟ್ಟಿ ಹತ್ತಿ ಎಂಜಿನ್ ಶುರು ಮಾಡಿದ. ಬುಟ್ಟಿ ಎದೆಮಟ್ಟ ಎದ್ದಿತು. "ಮಾವ, ನಿನ್ ನೌಕ್ರಿ ಹೋತಲ್ಲೋ! ಈ ಹಗ್ಗಕ್ಕೆ ಒಂದು ಎಮ್ಮೆ ಕಟ್ಟಿಕ್ಯ."

"ಇಳಿಯೋ ಮುಬೀನ್."

"ಹಾಂ?"

"ಇಳಿ ಅಂದೆ."

"ಪೂರಾ ಮ್ಯಾಲಕ್ಕೆ ಹೋಗಿ, ತಿರುಗ್ಸಿ ನೋಡಿ ಇಳೀತೀನಿ. ನೀನು ಅಲ್ಲಿಗಂಟ ಚಾ ಕುಡಿ." ಅವನ ಕೈ ಏರಿಸುವ ಹಿಡಿಯ ಮೇಲೆ ಹೋಯಿತು.

ಕಾರಣ ಹೇಳಲು ಆಂಜನೇಯನ ಬಾಯಿ ತೆರೆಯಿತು. ಎದುರಿಗೆ ಪ್ರವೀಣ್ ಕುಮಾರ್ ನಿಂತಿದ್ದ. ಬಾಯಿ ಮುಚ್ಚಿತು. ಅವನು ಹಗ್ಗವನ್ನು ಮುಂಗೈಗೆ ಸುತ್ತಿ, ಶೆಡ್ಡಿನ ಕಲ್ಲಿಗೆ ಕಾಲು ಕೊಟ್ಟು, ಇಡೀ ಮೈ ಹಾಕಿ ಎಳೆದ.

ಈ ಸಲ 'ಟಕ್' ಎನ್ನಲಿಲ್ಲ. ಒಣಗಿದ ಜಾಲಿ ಸೀಳಿದಂತಾಯಿತು. ಬುಟ್ಟಿ ಮುಂದಕ್ಕೆ ಬಾಗಿ, ಪೈಪುಗಳಿಂದ ನೇತಾಡಿತು. ಮುಬೀನ್ ಕಂಬಿಯ ಮೇಲಿಂದ ಮಗುಚಿ, ತನ್ನ ಬಲಗೈ ಮೇಲೆಯೇ ಬಿದ್ದ.

"ಎತ್ತಿನಂಗೆ ಎಳ್ದು ಮುರ್ದಾಕಿದ್ಯಲ್ಲೋ ನನ್ ಮಷೀನ್ನ!" ಪ್ರವೀಣ್ ಕುಮಾರ್ ಮೊದಲು ಓಡಿದ್ದು ಬುಟ್ಟಿಯ ಹತ್ತಿರ. "ಇನ್ನು ಈ ಕಡೆ ಮುಖ ತೋರಿಸ್ಬ್ಯಾಡ!"

ಖಾಜಾಸಾಬರು ಎಂಜಿನ್ ಆರಿಸಿ ಮುಬೀನನನ್ನು ಎಬ್ಬಿಸಿ ಕೂರಿಸಿದರು. ಆಮೇಲೆ ಬಗ್ಗಿ, ಮುರಿದ ಕಡೆ ಹೆಬ್ಬೆರಳಾಡಿಸಿದರು. ಬೆರಳು ಕೆಂಪಾಯಿತು. ಅಂಚಿನಲ್ಲೊಂದು ಎಳೆಯಷ್ಟು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ತುಕ್ಕು.

"ಇದು ಇವತ್ತು ಮುರಿದಿದ್ದಲ್ಲ ಪ್ರವೀಣಪ್ಪ. ಪಕ್ಕಕ್ಕೆ ಎಳ್ದೂ ಎಳ್ದೂ ಬೆಸುಗೆ ಬಿಟ್ಟೈತೆ. ಇವ್ನು ಈಗ ಎಳೀದಿದ್ರೆ ನ್ಯಾಮತಿ ಕಂಬದ ಮ್ಯಾಲೆ ಕಳಚ್ತಿತ್ತು." ಅಷ್ಟು ಹೇಳಿ ಆಂಜನೇಯನ ಕಡೆ ತಿರುಗಿದರು. "ಸದ್ದು ಬರ್ತಿರ್ಲಿಲ್ಲ ಅಂದ್ಯಲ್ಲ?"

ಆಂಜನೇಯ ಮುಂಗೈಯಿಂದ ಹಗ್ಗ ಬಿಚ್ಚುತ್ತಿದ್ದ. ಚರ್ಮ ಸುಲಿದಿತ್ತು.

ಮುಬೀನ್ ನೆಲದಿಂದಲೇ ಅವನನ್ನು ನೋಡಿದ. ನೋವಿಗೆ ಅವನ ತುಟಿ ಬಿಳುಪಾಗಿತ್ತು. "ಎಷ್ಟು ದಿನದಿಂದ ಗೊತ್ತಿತ್ತು?"

"ಒಂದ್ ತಿಂಗ್ಳು."

ಆ ತಿಂಗಳಲ್ಲಿ ತಾನು ಹತ್ತಿದ ಕಂಬಗಳನ್ನು ಮುಬೀನ್ ಮನಸ್ಸಿನಲ್ಲೇ ಹತ್ತಿ ಇಳಿದಿರಬೇಕು.

ಖಾಜಾಸಾಬರು ಬೈಕು ತಂದರು. ಒಂದೇ ಕೈಯ ಮನುಷ್ಯ ಹಿಂದೆ ಕೂತರೆ ಬೀಳುತ್ತಾನೆ. ಹಿಂದಿನಿಂದ ಯಾರಾದರೂ ಹಿಡಿದುಕೊಳ್ಳಬೇಕು. ಆಂಜನೇಯ ಅಭ್ಯಾಸಬಲದಿಂದ ಮುಂದೆ ಬಂದು ಅವನ ಹೆಗಲಿಗೆ ಕೈಹಾಕಿದ.

"ನೀನು ಹಿಡೀಬ್ಯಾಡ," ಎಂದ ಮುಬೀನ್. ಮಾವ ಅನ್ನಲಿಲ್ಲ.

ಬೈಕು ಆಸ್ಪತ್ರೆಯ ಕಡೆ ಹೋಯಿತು. ಮುಬೀನ್ ಎಡಗೈಯಿಂದ ಖಾಜಾಸಾಬರ ಅಂಗಿ ಹಿಡಿದು, ಪ್ರತಿ ಗುಂಡಿಗೂ ಒಂದು ಕಡೆ ವಾಲುತ್ತಿದ್ದ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಆಂಜನೇಯ, ಅವನು ವಾಲಿದ ಕಡೆಗೆಲ್ಲ ತಾನೂ ವಾಲುತ್ತ ನಿಂತಿದ್ದ.