ಮಾದಪ್ಪ ಕೂತ ಜಾಲರಿ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಮೇಲೆ ಒಂದು ತೆಂಗಿನ ನಾರಿನ ಮಿಲ್ಲಿತ್ತು. ಎರಡು ಸಾವಿರದ ನಾಲ್ಕರಲ್ಲಿ ಆ ಮಿಲ್ಲಿಗೊಂದು ಸಮಿತಿಯಾಯಿತು. ಎಲ್ಲೆಲ್ಲಿ ಅಪಾಯವಿದೆ ನೋಡಿ ಬರೆದು ಕಳಿಸಿ, ಆಮೇಲೆ ನಾರು ಕೊಳ್ಳುತ್ತೇವೆ ಎಂದು ಹೊರದೇಶದ ಕಂಪನಿ ಕೇಳಿತ್ತು. ಅಪಾಯ ಇದೆ ಎಂದು ಬರೆದರೆ ಯಾರಾದರೂ ಕೊಳ್ಳುತ್ತಾರೆಯೇ? ಮ್ಯಾನೇಜರ್ ಪ್ರೇಮ್‌ಕುಮಾರ್ ಅಷ್ಟು ದಡ್ಡರಲ್ಲ.

ಸಮಿತಿಗೆ ಅವರೇ ಅಧ್ಯಕ್ಷರು. ಸ್ಟೋರು ನೋಡಿಕೊಳ್ಳುವ ಚಲುವಯ್ಯ ಒಬ್ಬ ಸದಸ್ಯ, ಮೆಕ್ಯಾನಿಕ್ ಶಿವಸ್ವಾಮಿ ಇನ್ನೊಬ್ಬ. ಶಿವಸ್ವಾಮಿಯ ಹೆಂಡತಿ ಇಂದ್ರಾಣಿಗೂ ಅದೇ ಮಿಲ್ಲಿನಲ್ಲಿ ಕೆಲಸ. ನಾರು ಬಿಡಿಸುವ ಮಷೀನಿಗೆ ಸಿಪ್ಪೆ ಹಾಕುವುದು. ಅವಳು ಅವನ ಸ್ವಂತ ಅಕ್ಕನ ಮಗಳು, ಹಾಗಾಗಿ ಮದುವೆಯಾದ ಮೇಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

ಸಮಿತಿ ಸೇರುವ ದಿನ ಬೆಳಗ್ಗೆ ಅವಳು ಹರಿದ ಸೆರಗಿಗೆ ಹೊಲಿಗೆ ಹಾಕುತ್ತ ಕೂತಿದ್ದಳು.

‘ಇಲಿ ಕಡೀತೇನಮ್ಮಿ?’ ಎಂದ ಶಿವಸ್ವಾಮಿ.

‘ಊಂ’ ಎಂದಳು, ತಲೆ ಎತ್ತದೆ.

ಶಿವಸ್ವಾಮಿ ಅಪಾಯ ಕಂಡರೆ ಸುಮ್ಮನಿರುವ ಆಸಾಮಿಯಲ್ಲ. ಮಿಲ್ಲಿಗೆ ಹೋಗುವ ದಾರಿಯಲ್ಲೇ ಪೇಟೆಗೆ ಸೈಕಲ್ ತಿರುಗಿಸಿ ಒಂದು ಇಲಿಬೋನು ಕೊಂಡುಕೊಂಡ. ಅದನ್ನು ಕ್ಯಾರಿಯರಿಗೆ ಕಟ್ಟಿ, ಸಮಾಧಾನದಿಂದ ಸಮಿತಿಗೆ ಹೋದ.

ಕಂಪನಿಯವರ ಲೆಕ್ಕ ಸುಲಭವಾಗಿತ್ತು. ಅಪಾಯ ಆಗುವ ಸಂಭವಕ್ಕೆ ಐದರೊಳಗೆ ಒಂದು ನಂಬರು, ಆದಾಗ ಎಷ್ಟು ಪೆಟ್ಟು ಅನ್ನುವುದಕ್ಕೆ ಐದರೊಳಗೆ ಇನ್ನೊಂದು. ಎರಡನ್ನೂ ಗುಣಿಸಿ ಹದಿನೈದು ದಾಟಿದರೆ, ಸರಿಮಾಡುವ ತನಕ ಆ ಮಷೀನು ನಿಲ್ಲಿಸಬೇಕು. ಪ್ರೇಮ್‌ಕುಮಾರ್‌ಗೆ ಮಗ್ಗಿ ಚೆನ್ನಾಗಿ ಬರುತ್ತಿದ್ದುದರಿಂದ ಯಾವುದೂ ದಾಟಲಿಲ್ಲ. ಬೆಂಕಿಗೆಂದು ಇಟ್ಟ ಮರಳಿನ ಬಕೆಟ್ಟುಗಳಲ್ಲಿ ಚಲುವಯ್ಯ ಮೆಣಸಿನ ಗಿಡ ಹಾಕಿದ್ದ. ದಿನಾ ನೀರು ಹಾಕುವುದರಿಂದ ಮರಳು ಒದ್ದೆಯಾಗಿರುತ್ತದೆ, ಬೆಂಕಿಗೆ ಇನ್ನೂ ಒಳ್ಳೆಯದು ಎಂದು ಅದಕ್ಕೂ ಎರಡು ಬಿತ್ತು.

‘ನಾರಿನ ಮಷೀನ್ ಬೆಲ್ಟು’ ಎಂದು ಓದಿದರು ಪ್ರೇಮ್‌ಕುಮಾರ್. ‘ಜಾಲರಿ ಇಲ್ಲ.’

‘ಅದೆ ಸಾ’ ಎಂದ ಚಲುವಯ್ಯ. ‘ಮಾದಪ್ಪನ್ ಕೆಳುಗ್ ಅದೆ.’

ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕೈ ಸಿಕ್ಕದಂತೆ ಬೆಲ್ಟಿಗೆ ಹಾಕಿದ್ದ ಜಾಲರಿಯನ್ನು ಆಯುಧಪೂಜೆಗೆ ಬಿಚ್ಚಿ ತೊಳೆದಿದ್ದರು. ಗೋಡೆಯ ಗೂಡಿನಲ್ಲಿ ಮಾದಪ್ಪ ದೇವರ ಫೋಟೋ ಇಡುವ ಹಲಗೆಗೆ ಆ ವರ್ಷ ಗೆದ್ದಲು ಹಿಡಿದಿತ್ತು. ಚಲುವಯ್ಯ ಜಾಲರಿಯನ್ನೇ ಗೂಡಿನಲ್ಲಿಟ್ಟು, ಬಟ್ಟೆ ಹಾಸಿ, ಫೋಟೋ ಕೂರಿಸಿಬಿಟ್ಟ. ಮಂಗಳಾರತಿ ಆಯಿತು. ಅಲ್ಲಿಂದ ಬೆಲ್ಟು ಬರಿಮೈಯಲ್ಲೇ ಓಡುತ್ತಿತ್ತು. ಹೊಸ ಜಾಲರಿ ತರಿಸೋಣವೆಂದರೆ ಹಳೆಯದು ಹಾಳಾಗಿದೆ ಎಂದು ಮೈಸೂರಿನ ಆಫೀಸಿಗೆ ಬರೆಯಬೇಕು. ಹಳೆಯದು ಹಾಳಾಗಿರಲಿಲ್ಲ, ಕುಂಕುಮ ಹಚ್ಚಿಸಿಕೊಂಡು ಮೊದಲಿಗಿಂತ ಚೆನ್ನಾಗಿತ್ತು.

‘ತೆಗೆದು ಹಾಕೋಕೆ ಆಗಲ್ವಾ?’

‘ಕೂತಿರೋ ದೇವ್ರ ಎಬ್ಸೋಕಾಯ್ತದಾ ಸಾ? ನಮ್ಗೂ ಮಕ್ಳು ಮರಿ ಅವೆ.’

ಪ್ರೇಮ್‌ಕುಮಾರ್‌ಗೂ ಮಕ್ಕಳಿದ್ದರು. ‘ಸರಿ, ಇದುವರೆಗೂ ಏನಾದರೂ ಆಗಿದೆಯಾ?’

‘ಇಲ್ಲ ಸಾ.’

‘ಹಾಗಾದರೆ ಸಂಭವ ಒಂದು. ಅಕಸ್ಮಾತ್ ಆದರೆ ಏನಾಗುತ್ತೆ?’

‘ಕೈ ಓಯ್ತದೆ’ ಎಂದ ಶಿವಸ್ವಾಮಿ.

‘ಒಂದಾ, ಎರಡಾ?’

‘ಒಂದೇ ಸಾ. ಬಲಗೈ.’

‘ಎರಡಾಗಿದ್ದರೆ ಐದು ಕೊಡಬಹುದಿತ್ತು. ಮೂರು.’

ಆ ಬೆಲ್ಟಿನ ಪಕ್ಕ ನಿಲ್ಲುವವಳು ಶಿವಸ್ವಾಮಿಯ ಹೆಂಡತಿ. ಆದರೆ ಬಾಯಿ ಬಿಟ್ಟರೆ ಮಷೀನು ನಿಲ್ಲುತ್ತದೆ, ಹೆಂಗಸರೆಲ್ಲ ಮನೆಗೆ ಹೋಗಬೇಕಾಗುತ್ತದೆ, ಮೇಲಾಗಿ ಮಾದಪ್ಪನನ್ನು ಎಬ್ಬಿಸು ಎಂದ ಪಾಪ ತನ್ನ ತಲೆಗೆ. ಸೈನು ಹಾಕಿದ. ‘ರಕ್ಷಣಾ ಜಾಲರಿ ಮಿಲ್ಲಿನ ಆವರಣದಲ್ಲಿ ಲಭ್ಯವಿದೆ’ ಎಂದು ಪ್ರೇಮ್‌ಕುಮಾರ್ ಬರೆದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮಧ್ಯಾಹ್ನ ಹೊಂಗೆಮರದ ಕೆಳಗೆ ಇಂದ್ರಾಣಿ ಬುತ್ತಿ ಬಿಚ್ಚಿದಳು.

‘ನಮ್ ಮಷೀನ್‌ಗೆ ಎಷ್ಟ್ ಕೊಟ್ರಿ ಮಾವ?’

‘ಮೂರು.’

‘ಎಷ್ಟುಕ್ಕೆ?’

‘ಇಪ್ಪತ್ತೈದ್ಕೆ. ಕಮ್ಮಿ ಬಂದಷ್ಟೂ ಒಳ್ಳೇದು ಕಣಮ್ಮಿ.’ ಮಾತು ತಿರುಗಿಸಲು ಸೈಕಲ್ ಕಡೆ ಕೈ ತೋರಿಸಿದ. ‘ಅಲ್ನೋಡು, ಬೋನ್ ತಂದಿವ್ನಿ.’

ಇಂದ್ರಾಣಿ ಬೋನು ನೋಡಿದಳು, ಗಂಡನ ಮುಖ ನೋಡಿದಳು. ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಇಟ್ಟಳು.

‘ಮನೇಲಿ ಇಲಿ ಇಲ್ಲ ಮಾವ.’

‘ಮತ್ತೆ ಸೆರಗು?’

‘ನೆನ್ನೆ ಬೆಲ್ಟ್ ಎಳ್ಕೊಬುಡ್ತು. ಮಲ್ಲಾಜಮ್ಮಕ್ಕ ಪಕ್ದಲ್ಲೇ ಸಿಪ್ಪೆ ಬಾಚ್ತಿದ್ಲು, ನನ್ ಸೊಂಟ ತಬ್ಕೊಂಡು ಎಳುದ್ಲು. ಸೆರಗು ಅರ್ದೋಯ್ತು, ನಾನು ಉಳ್ಕಂಡಿ.’

‘ಯಾಕಮ್ಮಿ ಯೋಳ್ನಿಲ್ಲ?’

‘ಯೋಳುದ್ರೆ ನೀನು ಕೆಲ್ಸ ಬುಡುಸ್ತಿದ್ದೆ. ನೀನೇ ಕಮಿಟೀಲಿದ್ದೀಯಲ್ಲ, ಸರಿಮಾಡುಸ್ತೀಯ ಅನ್ಕಂಡಿದ್ದಿ.’

ಶಿವಸ್ವಾಮಿಗೆ ಭಯ ಮೊದಲು ಬಂತು, ನಾಚಿಕೆ ಆಮೇಲೆ.

ಎದ್ದು ನಲ್ಲಿಗೆ ಹೋಗಿ ಕೈಕಾಲು ತೊಳೆದ, ತಲೆಗೂ ನೀರು ಸುರಿದುಕೊಂಡ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗೂಡಿನ ಮುಂದೆ ಕರ್ಪೂರ ಹಚ್ಚಿದ.

‘ಏಳಪ್ಪ ಮಾದಪ್ಪ’ ಎಂದ. ‘ಬೇರೆ ಕಡೆ ಕುಂತ್ಕೊ. ಇದು ಬೇಕು.’

ಎಬ್ಬಿಸಿದ ದೇವರನ್ನು ನೆಲಕ್ಕೆ ಇಡಲಾಗುತ್ತದೆಯೇ? ಎಡಗೈಯಲ್ಲಿ ಫೋಟೋ ಹಿಡಿದು ಸುತ್ತ ನೋಡಿದ. ಮ್ಯಾನೇಜರ ಮೇಜಿನ ಮೇಲೆ ಸಮಿತಿಯ ಫೈಲಿತ್ತು. ದಪ್ಪ ರಟ್ಟಿನದು, ಹಲಗೆಯಂತೆ ಗಟ್ಟಿ. ಅದನ್ನು ತಂದು ಗೂಡಿನಲ್ಲಿ ಜಾಲರಿಯ ಜಾಗಕ್ಕಿಟ್ಟು, ಬಟ್ಟೆ ಹಾಸಿ, ಮಾದಪ್ಪನನ್ನು ಕೂರಿಸಿ, ಅರಿಶಿನ ಕುಂಕುಮ ಹಚ್ಚಿದ.

ಚಲುವಯ್ಯ ಓಡಿ ಬಂದ. ಬೈಯಲು ಬಾಯಿ ತೆಗೆದವನು ಕರ್ಪೂರ ಉರಿಯುವುದನ್ನು ಕಂಡು ಕೈ ಮುಗಿದ. ‘ಕಾಯಿ ಒಡುದ್ಯಾ?’ ಎಂದಷ್ಟೇ ಕೇಳಿದ. ಮಿಲ್ಲಿನಲ್ಲಿ ಸಿಪ್ಪೆ ಗುಡ್ಡದಷ್ಟಿತ್ತು, ಕಾಯಿ ಒಂದೂ ಇರಲಿಲ್ಲ.

ಪ್ರೇಮ್‌ಕುಮಾರ್ ಊಟ ಮುಗಿಸಿ ಬಂದು ಫೈಲು ಹುಡುಕಿದರು. ಸಂಜೆಯೊಳಗೆ ಕೊರಿಯರಿಗೆ ಕೊಡಬೇಕಿತ್ತು. ಗೂಡಿನಲ್ಲಿ ಅದು ಕಂಡಿತು. ಕೈ ಚಾಚಿದರು, ಕುಂಕುಮ ನೋಡಿದರು, ಕೈ ಹಿಂದಕ್ಕೆ ತೆಗೆದುಕೊಂಡು ಶೂ ಬಿಚ್ಚಿದರು.

‘ಏನಯ್ಯ ಇದು? ಕೂತ ದೇವರನ್ನ ಎಬ್ಬಿಸಬಾರದು ಅಂತ ಬೆಳಗ್ಗೆ ಮಾತಾಗಿತ್ತು. ಈಗ ನೀನೇ ಎಬ್ಬಿಸಿದ್ದೀಯ!’

ಬೆಲ್ಟಿನ ಬಳಿ ಕೂತು ಜಾಲರಿ ಕೂರಿಸುತ್ತಿದ್ದ ಶಿವಸ್ವಾಮಿ ತಿರುಗಲಿಲ್ಲ. ‘ನನ್ನೆಂಡ್ತಿ ನಿಂತ್ಕೊಳೋ ಜಾಗ ಸಾ ಇದು’ ಎಂದ. ‘ಫೈಲ್ ಬೇಕಾದ್ರೆ ನೀವೂ ಎಬ್ಸಿ.’

ಪ್ರೇಮ್‌ಕುಮಾರ್ ಬರಿಗಾಲಲ್ಲೇ ಮೇಜಿಗೆ ಹೋದರು. ಹೊಸ ಫಾರಂ ತೆಗೆದು, ಮೊದಲಿಂದ ಬರೆಯತೊಡಗಿದರು.

ಇಂದ್ರಾಣಿ ಹೊಲಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂದು, ಜಾಲರಿಯನ್ನು ಬಲಗೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು.

‘ಈ ಕಡೆ ಬೋಲ್ಟು ಸಡ್ಲ ಅದೆ ಮಾವ.’

ಶಿವಸ್ವಾಮಿ ಆ ಕೈಯನ್ನೇ ಒಂದು ಗಳಿಗೆ ನೋಡಿ, ಸ್ಪ್ಯಾನರ್ ತೆಗೆದುಕೊಂಡು ಆ ಕಡೆಗೆ ಹೋದ.