ಟಿಲ್ಲಿ ಹಾಡಿದ ಹಾಡು

ಹನ್ನೊಂದು ವರ್ಷದಿಂದ ವರ್ಲೀನ್ ಸ್ಟ್ಯಾಂಪರ್ ಟೀವಿಯಲ್ಲಿ ಪೆದ್ದಿಯಾಗಿ ಬದುಕುತ್ತಿದ್ದಳು. ‘ಹುಲ್ಲಟ್ಟದ ಶನಿವಾರ’ ಎಂಬ ಹಾಡು-ಹಾಸ್ಯದ ಕಾರ್ಯಕ್ರಮಕ್ಕೆ ಹೆಸರಾಂತ ಗಾಯಕರು ಬಂದು ಹಾಡಿ ಹೋಗುವ ನಡುವೆ, ಹಲ್ಲು ಬಿದ್ದವಳಂತೆ ಕಾಣಲು ಮುಂದಿನ ಹಲ್ಲಿಗೆ ಕಪ್ಪು ಮೇಣ ಮೆತ್ತಿಕೊಂಡು, ಬೇಲಿಯ ಹಿಂದಿನಿಂದ ತಲೆಯೆತ್ತಿ ಏನೋ ಒಂದು ಪೆದ್ದು ಮಾತಾಡಿ ಮರೆಯಾಗುವುದು ಅವಳ ಕೆಲಸ. ಪಾತ್ರದ ಹೆಸರು ಟಿಲ್ಲಿ. ಕಾರ್ಯಕ್ರಮ ತಯಾರಾಗುತ್ತಿದ್ದ ನ್ಯಾಶ್‌ವಿಲ್ಲಿನ ಅಂಗಡಿಗಳಲ್ಲೂ ಅವಳನ್ನು ಟಿಲ್ಲಿ ಎಂದೇ ಕೂಗುತ್ತಿದ್ದರು. ಬಂದು ಹೋಗುವ ಗಾಯಕರಲ್ಲಿ ಅರ್ಧಕ್ಕರ್ಧ ಜನರಿಗಿಂತ ಅವಳ ಕಂಠ ಚೆನ್ನಾಗಿತ್ತು. ಅದು ಯಾರಿಗೂ ಬೇಕಾಗಿರಲಿಲ್ಲ.

ತಾಯಿ ಆರ್ಫಾ ಆ ಕಾರ್ಯಕ್ರಮವನ್ನು ಒಂದು ದಿನವೂ ನೋಡಿದವಳಲ್ಲ. ಕೆಂಟಕಿಯ ಕಲ್ಲಿದ್ದಲು ಬೆಟ್ಟಗಳಲ್ಲಿ ಗಂಡನನ್ನು ಗಣಿಯಲ್ಲಿ ಕಳೆದುಕೊಂಡು ನಾಲ್ಕು ಮಕ್ಕಳನ್ನು ಸಾಕಿದ ಹೆಂಗಸು. ಬೆಟ್ಟದವರೆಲ್ಲ ಪೆದ್ದರು ಎಂದು ದೇಶ ನಗುವುದಕ್ಕೆ ನನ್ನ ಮಗಳೇ ಹೋಗಿ ಹಲ್ಲು ಕಿರಿಯಬೇಕೇ ಎನ್ನುವುದು ಅವಳ ಸಿಟ್ಟು. ಮಗಳು ಕೊಡಿಸಿದ ಟೀವಿಯಲ್ಲಿ ಭಾನುವಾರದ ಪ್ರವಚನವಷ್ಟೇ ಕೇಳುತ್ತಿದ್ದಳು.

ಆ ವರ್ಷ ವರ್ಲೀನ್ ಹಟ ಹಿಡಿದಳು. ಒಂದು ಹಾಡು, ನನ್ನ ಬಟ್ಟೆಯಲ್ಲಿ, ನನ್ನ ಹಲ್ಲಿನಲ್ಲಿ. ಇಲ್ಲದಿದ್ದರೆ ಟಿಲ್ಲಿಗೆ ಬೇರೆಯವಳನ್ನು ಹುಡುಕಿಕೋ ಎಂದು ನಿರ್ಮಾಪಕ ರಾಸ್ಕೋ ಡ್ಯಾಬ್ನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಅವನು ಒಪ್ಪಿದ. ಜೂನ್‌ನಲ್ಲಿ, ಇಡೀ ವರ್ಷಕ್ಕಾಗುವಷ್ಟು ತುಣುಕುಗಳನ್ನು ಒಟ್ಟಿಗೇ ಚಿತ್ರೀಕರಿಸಿ ಮುಗಿಸುವ ವಾರದಲ್ಲಿ, ಅವಳು ನೀಲಿ ಉಡುಪು ತೊಟ್ಟು ನಿಂತು, ಗಣಿಯ ಚಾವಣಿ ಕುಸಿದು ಸತ್ತ ಅಪ್ಪನ ಮೇಲೆ ತಾನೇ ಕಟ್ಟಿದ ಹಾಡನ್ನು ಹಾಡಿದಳು. ಎದುರಿಗೆ ಖಾಲಿ ಸ್ಟುಡಿಯೋ. ಕ್ಯಾಮೆರಾದವನು ಕಣ್ಣೊರೆಸಿಕೊಂಡ.

ಅದು ಪ್ರಸಾರವಾಗುವ ಶನಿವಾರ ಅವಳು ಕಾರು ಓಡಿಸಿಕೊಂಡು ತಾಯಿಯ ಮನೆಗೆ ಬಂದಳು. ಅಮ್ಮ ಒಮ್ಮೆ ತನ್ನ ಹಾಡು ಕೇಳಿ ತಲೆದೂಗಿದರೆ ಸಾಕಿತ್ತು. ಆರ್ಫಾ ಆಗಲೇ ಪಾದ್ರಿಯನ್ನೂ ಅವನ ಹೆಂಡತಿಯನ್ನೂ ಪಕ್ಕದ ಮನೆಯ ಡೆಲ್ಫಿಯಾಳನ್ನೂ ಕರೆದು ಕೂರಿಸಿದ್ದಳು. ಇವತ್ತು ನನ್ನ ಮಗಳು ನಿಜವಾಗಿ ಹಾಡುತ್ತಾಳೆ ಎಂದು ಚರ್ಚಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳಂತೆ.

ಹಾಡು ಶುರುವಾಯಿತು. ಅಪ್ಪ ಬುತ್ತಿ ಹಿಡಿದು ಮನೆಯಿಂದ ಹೊರಡುವ ಮೊದಲ ಸಾಲಿಗೇ ಟೀವಿ ಗೊಳ್ಳೆಂದು ನಕ್ಕಿತು.

ವರ್ಲೀನಳಿಗೆ ತಕ್ಷಣ ಅರ್ಥವಾಯಿತು. ಚಿತ್ರೀಕರಣ ಮುಗಿದ ಮೇಲೆ ಟೇಪಿಗೆ ಜನರ ನಗುವಿನ ಸದ್ದು ಸೇರಿಸುವುದು ಬೇರೆ ಊರಿನಲ್ಲಿ. ಒಬ್ಬ ಯಂತ್ರದ ಮುಂದೆ ಕೂತು ಗುಂಡಿ ಒತ್ತುತ್ತಾನೆ. ಅವಳ ಟೇಪಿನ ಡಬ್ಬದ ಮೇಲೆ ಎಂದಿನಂತೆ ಟಿಲ್ಲಿ ಎಂದೇ ಬರೆದಿದ್ದರು. ಟಿಲ್ಲಿ ಎಂದರೆ ಪ್ರತಿ ಸಾಲಿಗೂ ನಗು. ಪುಣ್ಯಾತ್ಮ ಹಾಡನ್ನು ಕೇಳಿಸಿಕೊಂಡೇ ಇರಲಿಲ್ಲ.

ಡೆಲ್ಫಿಯಾ ಮೊದಲು ತುಟಿ ಕಚ್ಚಿ ಕೂತಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಪಾದ್ರಿಯ ಹೆಂಡತಿ ಸೇರಿಕೊಂಡಳು. ಹಾಡಿನಲ್ಲಿ ಚಾವಣಿ ಕುಸಿಯುವ ಹೊತ್ತಿಗೆ ಪಾದ್ರಿಯೂ ನಗುತ್ತಿದ್ದ. ಅಪ್ಪನ ಶವಕ್ಕೆ ಪ್ರಾರ್ಥನೆ ಹೇಳಿದವನು ಅವನೇ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ವರ್ಲೀನಳಿಗೆ.

ಆರ್ಫಾ ಎದ್ದು ಟೀವಿ ಆರಿಸಿದಳು.

“ಅಷ್ಟು ಜನ ನಗ್ತಿದ್ರೂ ನಿಲ್ಲಿಸ್ದೆ ಹಾಡಿದ್ಯಲ್ಲೇ.”

“ಅಲ್ಲಿ ಒಬ್ರೂ ಇರ್ಲಿಲ್ಲಮ್ಮ. ಆ ನಗು ಆಮೇಲೆ ಸೇರ್ಸಿದ್ದು. ಮಿಷನ್ನಿಂದು.”

ಆರ್ಫಾ ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಪಾದ್ರಿ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

“ಇವ್ರು ನಕ್ಕಿದ್ದು?”

ವರ್ಲೀನ್ ಡೆಲ್ಫಿಯಾಳ ಕಡೆ ಉರಿಗಣ್ಣು ಬಿಟ್ಟಳು. ಬಾಯಿ ತೆರೆಯುವಷ್ಟರಲ್ಲಿ ತಾಯಿ ತಡೆದಳು.

“ಅವ್ರನ್ನ ಯಾಕೆ ಬೈತೀಯ. ನಿನ್ನ ಮುಖ ಕಂಡ್ರೆ ನಗ್ಬೇಕು ಅಂತ ಕಲ್ಸಿದವಳು ನೀನೇ ಅಲ್ವಾ.”

ಇಷ್ಟು ಹೇಳಿ ಆರ್ಫಾ ಕೇಕು ಕತ್ತರಿಸಲು ಒಳಗೆ ಹೋದಳು. ಬಂದವರನ್ನು ಹಾಗೇ ಕಳಿಸುವ ಮನೆಯಲ್ಲ ಅದು.